ಪುಣೆಯ ಫ್ಲ್ಯಾಟು, ಬೆಳಗಾವಿಯ ಕೀಲಿಕೈ

ಬೆಳಗಾವಿಯ ಶಹಾಪುರದಲ್ಲಿ ನನ್ನದೊಂದು ಸಣ್ಣ ಅಂಗಡಿ ಇದೆ. ನಳ, ಪೈಪು, ಕಮೋಡು ಮಾರುತ್ತೇನೆ. ಅವತ್ತು ಒಬ್ಬ ಗೌಂಡಿಗೆ ನಹಾನಿ ಟ್ರ್ಯಾಪ್, ಅಂದರೆ ಬಾತ್‌ರೂಮಿನ ನೆಲದಿಂದ ನೀರು ಹೊರಹೋಗುವ ಜಾಲರಿ, ಹೇಗೆ ಕೂರಿಸಬೇಕು ಅಂತ ದೊಡ್ಡ ಭಾಷಣ ಬಿಗಿಯುತ್ತಿದ್ದೆ. ಅಷ್ಟರಲ್ಲಿ ಪುಣೆಯಿಂದ, ನಾನು ಬಾಡಿಗೆಗೆ ಬಿಟ್ಟ ಫ್ಲ್ಯಾಟಿನ ಸೊಸೈಟಿ (ಬಿಲ್ಡಿಂಗಿನ ಫ್ಲ್ಯಾಟ್ ಮಾಲೀಕರ ಸಂಘ) ಸೆಕ್ರೆಟರಿಯ ಫೋನು. ನಿಮ್ಮ ಬಾತ್‌ರೂಮಿನ ನೀರು ಕೆಳಗಿನ ಮನೆಯೊಳಗೆ ತೊಟ್ಟಿಕ್ಕುತ್ತಿದೆ, ಇವತ್ತೇ ಏನಾದರೂ ಮಾಡಿ ಅಂದರು. ಸ್ಪೀಕರ್ ಆನ್ ಇತ್ತು. ಗೌಂಡಿ ನಗು ತಡೆಯಲು ಪಾಪ ಬಹಳ ಕಷ್ಟಪಟ್ಟ.

ಮೊನ್ನೆ ಗೋಕಾಕದಿಂದ ನನ್ನ ಷಡ್ಡಕ ಬಂದಿದ್ದ, ಮೇಷ್ಟ್ರಾಗಿದ್ದವನು. ರಿಟೈರ್ ಆದ ದುಡ್ಡು ಕೈಗೆ ಬಂದಿದೆ, ಪುಣೆಯಲ್ಲಿ ಫ್ಲ್ಯಾಟ್ ತಗೊಂಡು ಬಾಡಿಗೆಗೆ ಬಿಡಬೇಕಂತೆ. "ನೀವು ಮಾಡೀರಲ್ಲ, ಹೆಂಗದ?" ಅಂತ ಕೇಳಿದ. ಅವನಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ತಗೊಂಡಿದ್ದು 2017ರಲ್ಲಿ, ವಾರ್ಜೆಯಲ್ಲಿ. ಎರಡು ಬೆಡ್‌ರೂಮಿನ ಹಳೇ ಫ್ಲ್ಯಾಟು, 46 ಲಕ್ಷ. ವಾರ್ಜೆ ಯಾಕಂದರೆ ನಮ್ಮ ಹೈವೇ ಅದರ ಮಗ್ಗುಲಲ್ಲೇ ಹೋಗುತ್ತದೆ. ರಾತ್ರಿ ಊಟ ಮಾಡಿ ಬಸ್ ಹತ್ತಿದರೆ ನಸುಕಿನಲ್ಲಿ ಅಲ್ಲೇ ಇಳಿಯಬಹುದು. ಹೊರರಾಜ್ಯದಲ್ಲಿ ಮನೆ ತಗೊಳ್ಳುವವರು ಮೆಟ್ರೋ, ಮಾಲ್ ನೋಡುತ್ತಾರೆ. ನಾನು ಹೇಳುವುದು ಬಸ್ ಎಲ್ಲಿ ನಿಲ್ಲುತ್ತೆ ಅಂತ ಮೊದಲು ನೋಡಿ. ನನ್ನ ಹೆಂಡತಿಯ ಲೆಕ್ಕವೇ ಬೇರೆ ಇತ್ತು: "ಇಲ್ಲೇ ಹಿಂದವಾಡ್ಯಾಗ ಎರಡು ಖೋಲಿ ಕಟ್ಟಿಸಿದ್ರ ಮುಂಜಾನೆ ಎದ್ದು ಹೋಗಿ ಬಾಡಿಗಿ ಕೇಳಬಹುದಿತ್ತಲ್ರೀ." ಆಗ ಕಿವಿಗೆ ಹಾಕಿಕೊಳ್ಳಲಿಲ್ಲ.

ನೀರು ಸೋರಿದ ಕಥೆಗೆ ಬರೋಣ. ಮನೆಯೊಳಗಿನ ಬಾತ್‌ರೂಮು, ಸಿಂಕು ಸೋರಿದರೆ ಸೊಸೈಟಿ ಖರ್ಚು ಕೊಡುವುದಿಲ್ಲ, ಫ್ಲ್ಯಾಟಿನವರೇ ರಿಪೇರಿ ಮಾಡಿಸಬೇಕು. ಬಾಡಿಗೆಯವರು ಯಾರನ್ನೋ ಕರೆಸಿದರು. ಅವನು ಪೂರ್ತಿ ಬಾತ್‌ರೂಮ್ ಒಡೆಯಬೇಕು, 60 ಸಾವಿರ ಆಗುತ್ತೆ ಅಂದ. ವಾಟ್ಸಾಪ್‌ನಲ್ಲಿ ಫೋಟೋ ತರಿಸಿಕೊಂಡು ನೋಡಿದೆ. ಫೋಟೋದಲ್ಲಿ ಎಲ್ಲ ಟೈಲ್ಸೂ ಒಂದೇ ಥರ ಕಾಣುತ್ತವೆ. ಅವತ್ತು ರಾತ್ರಿಯೇ ಹೊರಟೆ. ನಹಾನಿ ಟ್ರ್ಯಾಪಿಗೆ ಬಟ್ಟೆ ತುರುಕಿ, ನೆಲದ ಮೇಲೆ ಎರಡಿಂಚು ನೀರು ನಿಲ್ಲಿಸಿ, ಒಂದು ಚಮಚ ಕುಂಕುಮ ಕಲಸಿದೆ. ಅರ್ಧ ಗಂಟೆಯಲ್ಲಿ ಕೆಳಗಿನ ಮನೆಯಲ್ಲಿ ಕೆಂಪು ಹನಿ ಕಾಣಿಸಿತು. ನಳದ ಪೈಪು ಒಡೆದಿದ್ದರೆ ಬೆಳ್ಳಗಿನ ನೀರೇ ಬೀಳಬೇಕಿತ್ತು. ಟ್ರ್ಯಾಪಿನ ಸುತ್ತ ಸಂದಿಗೆ ತುಂಬಿದ್ದ ಗ್ರೌಟ್ ಉದುರಿ ಹೋಗಿತ್ತು, ಅಷ್ಟೇ. ಸಾಮಾನು, ಕೂಲಿ ಸೇರಿ 1,800 ರೂಪಾಯಿ. ಕೆಳಗಿನವರ ಪೇಂಟಿಂಗಿಗೆ 7,000 ಕೊಟ್ಟೆ. ಎರಡು ದಿನ ನನ್ನ ಅಂಗಡಿ ಬಂದ್.

ನಳ ಮಾರುವ ನಾನೇ 60 ಸಾವಿರ ಕೊಡುವುದರಲ್ಲಿದ್ದೆ. ಗೋಕಾಕದ ಮೇಷ್ಟ್ರು ಏನು ಮಾಡಬೇಕು ಹೇಳಿ?

ಹಾಗಾಗಿ ಷಡ್ಡಕನಿಗೆ ಮೊದಲು ಕೇಳಿದ್ದು ಫ್ಲ್ಯಾಟಿನ ರೇಟಲ್ಲ. ಅಲ್ಲಿ ನಿನ್ನ ಕೀಲಿಕೈ ಯಾರ ಹತ್ತಿರ ಇರುತ್ತೆ? ನನಗೆ ಈಗ ಅದೇ ಬಿಲ್ಡಿಂಗಿನ ಎರಡನೇ ಮಹಡಿಯಲ್ಲಿ ಒಬ್ಬ ಕಾಕಾ ಇದ್ದಾರೆ. ಎಸ್‌ಟಿ (ಮಹಾರಾಷ್ಟ್ರದ ಸರ್ಕಾರಿ ಬಸ್) ಡಿಪೋದಲ್ಲಿ ಮೆಕ್ಯಾನಿಕ್ ಆಗಿ ರಿಟೈರ್ ಆದವರು. ತಿಂಗಳಿಗೆ 1,000 ರೂಪಾಯಿ, ಮತ್ತೆ ಹೋದಾಗಲೆಲ್ಲ ಒಂದು ಕಿಲೋ ಕುಂದಾ. ಬಾಡಿಗೆಯವರು ಬಿಟ್ಟಾಗ ಮೀಟರ್ ರೀಡಿಂಗ್ ಬರೆದುಕೊಳ್ಳುವುದು, ಮುರಿದಿದ್ದರ ಫೋಟೋ ತೆಗೆಯುವುದು, ಪ್ಲಂಬರ್ ಬಂದರೆ ಪಕ್ಕದಲ್ಲಿ ನಿಲ್ಲುವುದು, ಎಲ್ಲ ಅವರದೇ. ನನಗೆ ಮರಾಠಿ ಬರುತ್ತೆ, ಬೆಳಗಾವಿಯಲ್ಲಿ ಅಂಗಡಿ ಇಟ್ಟವನಿಗೆ ಬರದೇ ಇರುತ್ತಾ? ಆದರೂ ಫೋನಿನಲ್ಲಿ ನಾನು ಮಾಡುವ ಜಗಳಕ್ಕೂ ಕಾಕಾ ಬಾಗಿಲಲ್ಲಿ ನಿಂತು ಕೆಮ್ಮುವುದಕ್ಕೂ ಬಹಳ ವ್ಯತ್ಯಾಸ ಇದೆ.

ಎರಡನೆಯದು ಕರಾರು. ಮಹಾರಾಷ್ಟ್ರದಲ್ಲಿ ಬಾಡಿಗೆ ಕರಾರಿಗೆ ಲೀವ್ ಅಂಡ್ ಲೈಸೆನ್ಸ್ ಅನ್ನುತ್ತಾರೆ, ಸಾಮಾನ್ಯವಾಗಿ 11 ತಿಂಗಳದ್ದು. 11 ತಿಂಗಳಿದ್ದರೆ ನೋಂದಣಿ ಬೇಡ ಅನ್ನುವುದು ನಮ್ಮ ಕಡೆಯ ರೂಢಿ. ನಾನೂ ಹಾಗೇ ಅಂದುಕೊಂಡು, ಬ್ರೋಕರ್ ಕೊಟ್ಟ ನೋಟರಿ ಕಾಗದಕ್ಕೆ ಸಹಿ ಹಾಕಿದೆ. ಅಲ್ಲಿ ಎಷ್ಟೇ ತಿಂಗಳದ್ದಾದರೂ ನೋಂದಣಿ ಕಡ್ಡಾಯ. 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ನು. ಮಾಡಿಸುವ ಜವಾಬ್ದಾರಿ ಮಾಲೀಕರದು. ಮಾಡಿಸದೇ ಇದ್ದು ಜಗಳ ಬಂದರೆ, ಬೇರೆ ಸಾಕ್ಷಿ ಇಲ್ಲದಿದ್ದಾಗ ಬಾಡಿಗೆದಾರ ಹೇಳಿದ ಷರತ್ತೇ ನಿಜ ಅಂತ ಹಿಡಿಯುತ್ತಾರೆ. ನನ್ನ ಮೊದಲನೇ ಬಾಡಿಗೆದಾರ ಮೂರು ತಿಂಗಳು ಸತಾಯಿಸಿದಾಗ ಪುಣೆಯ ವಕೀಲರೊಬ್ಬರು ಇದನ್ನು ಬಿಡಿಸಿ ಹೇಳಿದರು. ಅವನು ಡಿಪಾಸಿಟ್ ಮುಗಿಯುವವರೆಗೆ ಕೂತು, ತಾನೇ ಹೋದ. ಪುಣ್ಯ.

ಖರ್ಚೂ ಜಾಸ್ತಿ ಇಲ್ಲ. ಸ್ಟ್ಯಾಂಪ್ ಡ್ಯೂಟಿ ಒಟ್ಟು ಬಾಡಿಗೆಯ 0.25%, ಡಿಪಾಸಿಟ್ಟಿನ ಲೆಕ್ಕದಿಂದ ಇನ್ನೊಂಚೂರು. ನನಗೆ 500ರ ಒಳಗೇ ಮುಗಿಯಿತು. ನಗರದಲ್ಲಿ ನೋಂದಣಿ ಶುಲ್ಕ 1,000. ಏಜೆಂಟ್ ಮಷೀನ್ ತಗೊಂಡು ಮನೆಗೇ ಬರುತ್ತಾನೆ, ಆಧಾರ್ ಹೆಬ್ಬೆಟ್ಟು ಒತ್ತಿದರೆ ಆಯಿತು. ನಂದು ಮೂಡುವುದೇ ಇಲ್ಲ! ಇಪ್ಪತ್ತು ವರ್ಷ ಸಿಮೆಂಟು, ಪೈಪು ಮುಟ್ಟಿ ಗೆರೆಯೆಲ್ಲ ಸವೆದು ಹೋಗಿವೆ. ನೋಂದಣಿ ಆದ ಕರಾರಿನ ಅವಧಿ ಮುಗಿದ ಮೇಲೂ ಬಾಡಿಗೆಯವರು ಮನೆ ಬಿಡದಿದ್ದರೆ ಡಬಲ್ ಬಾಡಿಗೆ ಕೇಳಲು ಕಾನೂನಿನಲ್ಲಿ ದಾರಿ ಇದೆ. ಹೊಸಬರು ಬಂದಾಗ ಪೊಲೀಸರಿಗೆ ಮಾಹಿತಿ ಕೊಡುವುದನ್ನೂ ಬಿಡಬೇಡಿ.

ಇನ್ನು ಲೆಕ್ಕ. ಸ್ಟ್ಯಾಂಪು, ನೋಂದಣಿ, ಬ್ರೋಕರು, ಬಣ್ಣ ಎಲ್ಲ ಸೇರಿ ನನ್ನ 46 ಲಕ್ಷ ಹತ್ತಿರ ಹತ್ತಿರ 50 ಆಯಿತು. ಈಗ ಪುಣೆಯಲ್ಲಿ ಸ್ಟ್ಯಾಂಪ್ ಡ್ಯೂಟಿ 7%, ಹೆಂಗಸರ ಹೆಸರಿನಲ್ಲಿ ತಗೊಂಡರೆ 1% ಕಡಿಮೆ. ಬಾಡಿಗೆ 16,000, ವರ್ಷಕ್ಕೆ 1,92,000. ಹೋದ ವರ್ಷ ಒಂದೂವರೆ ತಿಂಗಳು ಖಾಲಿ ಇತ್ತು, 24,000 ಹೋಯಿತು. ಮೇಂಟೆನೆನ್ಸ್ 30,000. ಬ್ರೋಕರಿಗೆ ಒಂದು ತಿಂಗಳ ಬಾಡಿಗೆ. ಕಾಕಾಗೆ 12,000. ಮನೆ ತೆರಿಗೆ 11,000. ಈ ತೆರಿಗೆಯಲ್ಲೂ ಮೋಸ ಹೋದೆ. ತಪ್ಪು ನನ್ನದೇ, ಹಳೇ ಮಾಲೀಕರ ಬಿಲ್ ನೋಡಿ ಲೆಕ್ಕ ಹಾಕಿದ್ದೆ. ಪುಣೆ ಪಾಲಿಕೆಯಲ್ಲಿ ಮಾಲೀಕರೇ ವಾಸವಿದ್ದರೆ 40% ರಿಯಾಯಿತಿ, ಬಾಡಿಗೆಗೆ ಬಿಟ್ಟರೆ ಅದಿಲ್ಲ. ಎಲ್ಲ ಕಳೆದು ಕೈಗೆ ಉಳಿದದ್ದು 99,000. ಅಂದರೆ 2%. ಅದೇ ದುಡ್ಡು ಎಫ್‌ಡಿಯಲ್ಲಿ ಇಟ್ಟಿದ್ದರೆ ಅಂತ ಹೆಂಡತಿ ಕೇಳುತ್ತಾಳೆ. ನಾನು ಟಿವಿ ದನಿ ಜೋರು ಮಾಡುತ್ತೇನೆ.

ಬಾಡಿಗೆಗೆ ಬಿಟ್ಟಿದ್ದಕ್ಕೆ ಸೊಸೈಟಿಯವರು ಬೇರೆ ಶುಲ್ಕ ಹಾಕುತ್ತಾರೆ, ಅದು ಸರ್ವಿಸ್ ಚಾರ್ಜಿನ 10% ದಾಟುವಂತಿಲ್ಲ. 2001ರ ಸರ್ಕಾರಿ ಆದೇಶ ಇದೆ. ಆದೇಶದ ಪ್ರತಿ ಕಳಿಸಿದ ಮೇಲೆ ನಮ್ಮವರು ಸುಮ್ಮನೆ ಇಳಿಸಿದರು. ಇನ್‌ಕಮ್ ಟ್ಯಾಕ್ಸಿನಲ್ಲಿ, ಕಟ್ಟಿದ ಮನೆ ತೆರಿಗೆ ಕಳೆದು ಉಳಿದ ಬಾಡಿಗೆಯ ಮೇಲೆ 30% ರಿಪೇರಿ ಲೆಕ್ಕಕ್ಕೆ ಬಿಡುತ್ತಾರೆ, ಖರ್ಚು ಮಾಡಿರಲಿ ಬಿಡಲಿ. ಸಾಲದ ಬಡ್ಡಿಯಿಂದ ಲುಕ್ಸಾನು ತೋರಿಸಿ ಬೇರೆ ಆದಾಯದ ಟ್ಯಾಕ್ಸ್ ಉಳಿಸುತ್ತೇನೆ ಅನ್ನುವವರು ಹೊಸ ಟ್ಯಾಕ್ಸ್ ಪದ್ಧತಿಯಲ್ಲಿ ಅದು ನಡೆಯುವುದಿಲ್ಲ ಅಂತ ತಿಳಿದಿರಬೇಕು.

ಫ್ಲ್ಯಾಟಿನ ಬೆಲೆ ಏರಿದೆ, ಸುಳ್ಳು ಹೇಳಲ್ಲ. ಷಡ್ಡಕನ ಮಗಳು ಪುಣೆಯಲ್ಲೇ ಕೆಲಸದಲ್ಲಿದ್ದಾಳೆ. ಅವಳು ಅಲ್ಲೇ ಉಳಿಯುವವಳಾದರೆ ತಗೋ, ಬರೀ ಬಾಡಿಗೆ ನಂಬಿಕೊಂಡು ತಗೋಬೇಡ ಅಂದೆ. "ಹಂಗಾದ್ರ ನಿಂದs ಕೊಡು" ಅಂದ. ಹೆಂಡತಿ ಒಳಗಿನಿಂದ ರೇಟ್ ಕೂಗಿದಳು.

ಬರುವ ತಿಂಗಳು ಕರಾರು ಮುಗಿಯುತ್ತದೆ. ಹೆಬ್ಬೆರಳಿಗೆ ಈಗಿನಿಂದಲೇ ದಿನಾ ರಾತ್ರಿ ಕೊಬ್ಬರಿ ಎಣ್ಣೆ ಹಚ್ಚುತ್ತಿದ್ದೇನೆ.