ಒಂದು ಮೊಳ ಲಗಾಮು

ನಾನು ಓದಿದ್ದು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ, ಅಷ್ಟೂ ವರ್ಷದಲ್ಲಿ ಮುಟ್ಟಿದ ಕುದುರೆ ಬೆರಳೆಣಿಕೆಯಷ್ಟು, ಮಿಕ್ಕಿದ್ದೆಲ್ಲ ಹಸು, ಎಮ್ಮೆ, ಕುರಿ. ಆಮೇಲೆ ಅಮೆರಿಕಾದ ಟೆನೆಸ್ಸೀಗೆ ಬಂದು, ಇಲ್ಲಿನ ಲೈಸೆನ್ಸ್ ಪರೀಕ್ಷೆಗೆ ಓದ್ಕೊಂಡೇ ಒಂದು ಕುದುರೆ ಕ್ಲಿನಿಕ್ಕಲ್ಲಿ ಅಸಿಸ್ಟೆಂಟ್ ಆಗಿ ಸೇರ್ಕೊಂಡೆ. ಟ್ರೈನಿಂಗ್ ಮುಗಿಸಿದ್ಮೇಲೆ ಶನಿವಾರ ಸಂಜೆ ಹಾರ್ಸ್ ಶೋಗಳಲ್ಲಿ ಇನ್ಸ್ಪೆಕ್ಷನ್ ಕೆಲ್ಸ. ಆ ಮೊದಲ ಸೀಸನ್ನಲ್ಲಿ ನಾನು ಮಾಡಿದ ಎಡವಟ್ಟಿನ ಕಥೆ ಇದು.

ಇಲ್ಲಿ ಟೆನೆಸ್ಸೀ ವಾಕಿಂಗ್ ಹಾರ್ಸ್ ಅಂತ ಒಂದು ತಳಿ ಇದೆ. ಇದರ ರನ್ನಿಂಗ್ ವಾಕ್ ಅನ್ನೋ ನಡಿಗೇಲಿ ಹಿಂಗಾಲು ಮುಂಗಾಲಿನ ಹೆಜ್ಜೆ ಗುರುತು ದಾಟಿ ಮುಂದೆ ಬೀಳತ್ತೆ, ತಲೆ ತಾಳಕ್ಕೆ ಸರಿಯಾಗಿ ಆಡತ್ತೆ, ಮೇಲೆ ಕೂತವರ ಕೈಲಿ ಕಾಫಿ ಲೋಟ ಕೊಟ್ರೂ ಚೆಲ್ಲಲ್ಲ ಅನ್ನೋಷ್ಟು ನುಣುಪು. ಹುಟ್ಟಿನಿಂದ ಬಂದಿರೋ ನಡಿಗೆ ಇದು, ಯಾರೂ ಕಲಿಸ್ಬೇಕಿಲ್ಲ. ಆದ್ರೆ ಶೋ ಜನಕ್ಕೆ ಅಷ್ಟು ಸಾಲಲ್ಲ, ಮುಂಗಾಲು ಎದೆ ಮಟ್ಟ ಏಳ್ಬೇಕು, ಅದಕ್ಕೇ ಬಿಗ್ ಲಿಕ್ ಅಂತಾರೆ. ಹಾಗಾಗಿ ಮುಂಗಾಲಿನ ಗೊರಸಿಗೂ ಲಾಳಕ್ಕೂ ಮಧ್ಯ ಪ್ಯಾಡ್ ಮೇಲೆ ಪ್ಯಾಡ್ ಪೇರಿಸಿ, ಗೊರಸಿನ ಮೇಲಿನ ಸಣ್ಣ ಭಾಗಕ್ಕೆ, ಅಂದ್ರೆ ಪ್ಯಾಸ್ಟರ್ನಿಗೆ, ಚೈನ್ ಕಟ್ತಾರೆ. ಇನ್ನೂ ಕೆಲವರು ಅಲ್ಲಿ ಚರ್ಮ ಸುಡೋ ಕೆಮಿಕಲ್ ಹಚ್ಚಿ, ಚೈನ್ ತಗುಲಿದಾಗೆಲ್ಲ ನೋವಿಗೆ ಕಾಲು ಎತ್ತೋ ಹಾಗೆ ಮಾಡ್ತಾರೆ. ಇದಕ್ಕೆ ಸೋರಿಂಗ್ ಅಂತ ಹೆಸರು, ಇದನ್ನ ತಡೆಯೋಕೇ 1970ರಲ್ಲಿ ಹಾರ್ಸ್ ಪ್ರೊಟೆಕ್ಷನ್ ಆಕ್ಟ್ ಬಂತು. ಇದೇ ತಳಿಯ ದೊಡ್ಡ ಜಾತ್ರೆ ಶೆಲ್ಬಿವಿಲ್‌ನಲ್ಲಿ 1939ರಿಂದ ನಡೀತಿದೆ, ಅಲ್ಲಿ 2006ರಲ್ಲಿ ಫೈನಲ್ಲಿಗೆ ಬಂದ ಕುದುರೆಗಳಲ್ಲಿ ಹೆಚ್ಚಿನವು ಇನ್ಸ್ಪೆಕ್ಷನ್ ಪಾಸಾಗದೆ ಆ ವರ್ಷ ಚಾಂಪಿಯನ್ನೇ ಇಲ್ದಂಗಾಯ್ತು.

ನಾವು ನೋಡ್ತಿದ್ದ ರೂಲ್ಸ್ ಹೀಗೆ: ಚೈನ್ ಒಂದೊಂದು ಕಾಲಿಗೆ 6 ಔನ್ಸ್ ಮೀರಂಗಿಲ್ಲ, ಅಂದ್ರೆ 170 ಗ್ರಾಂ, ಗೊರಸಿನ ಮುಂಭಾಗದಲ್ಲಿ ಕೂದಲು ಮುಗಿಯೋ ಗೆರೆಯಿಂದ ನೆಲದ ತನಕ ಅಳೆದ್ರೆ ಬರೋ ಉದ್ದ ಹಿಮ್ಮಡಿ ಎತ್ತರಕ್ಕಿಂತ ಕನಿಷ್ಠ 1 ಇಂಚು ಜಾಸ್ತಿ ಇರ್ಬೇಕು, ಗೊರಸಿನ ಹೊರಗೆ ಸೀಸ ಗೀಸ ಅಂತ ಯಾವ ಭಾರಾನೂ ಅಂಟಿಸಂಗಿಲ್ಲ, ಎರಡು ವರ್ಷ ತುಂಬದ ಮರಿಗೆ ಹಿಮ್ಮಡೀನ 1 ಇಂಚಿಗಿಂತ ಜಾಸ್ತಿ ಎತ್ತರಿಸೋ ಪ್ಯಾಡ್ ಹಾಕಂಗಿಲ್ಲ, ಲಾಳಾನೂ 16 ಔನ್ಸ್ ಒಳಗೆ. ಕಾಲಿಗೆ ಜಾರೋಕೆ ಗ್ಲಿಸರಿನ್ನೋ ವ್ಯಾಸಲೀನ್ ಥರದ್ದೋ ಹಚ್ಚಬಹುದು, ಆದ್ರೆ ಶೋ ನಡೆಸೋರೇ ಕೊಟ್ಟಿದ್ದು, ಅದೂ ಇನ್ಸ್ಪೆಕ್ಷನ್ ಆದ್ಮೇಲೆ, ನಮ್ಮ ಕಣ್ಮುಂದೆ. ನಮ್ಮೂರ ಸಂತೇಲಿ ಎತ್ತು ಕೆಡವಿ ಕಾಲು ಕಟ್ಟಿ, ಸೀಳು ಗೊರಸಿಗೆ ಎರಡೆರಡು ತುಂಡು ಲಾಳ ಹೊಡೆಯೋದು ನೋಡ್ಕೊಂಡು ಬೆಳೆದ ನಂಗೆ ಒಂದು ಲಾಳಕ್ಕೆ ಇಷ್ಟೊಂದು ಕಾನೂನಾ ಅಂತ ನಗು ಬಂದಿತ್ತು.

ಈ ಲಿಸ್ಟಲ್ಲಿ ಇನ್ನೊಂದು ಸಾಲಿತ್ತು. ನೋವಿದೆಯಾ ಅಂತ ಕಾಲು ಒತ್ತಿ ನೋಡೋವಾಗ ಕುದುರೆ ಹಿಡಿದಿರೋರು ಲಗಾಮನ್ನ ಕಡಿವಾಣದ ಕಂಬಿಯಿಂದ ಸುಮಾರು 18 ಇಂಚು ದೂರದಲ್ಲಿ ಹಿಡ್ಕೊಂಡಿರ್ಬೇಕು ಅಂತ. ಟ್ರೈನಿಂಗಲ್ಲಿ ಓದಿದ್ದೆ, ಟಿಕ್ ಹಾಕಿದ್ದೆ, ಅಷ್ಟೇ. ಏನೋ ಸೇಫ್ಟಿ ವಿಷಯ ಇರ್ಬೇಕು ಅಂದ್ಕೊಂಡಿದ್ದೆ.

ಆ ಶನಿವಾರ ಒಂದು ಸಣ್ಣ ಊರಿನ ಮೈದಾನದಲ್ಲಿ ಶೋ. ರಾತ್ರಿ ಎಂಟರ ಹೊತ್ತಿಗೆ ಒಂದು ಕರೀ ಕುದುರೆ ಬಂತು, ಹಿಡಿದಿದ್ದು ಎಪ್ಪತ್ತರ ಆಸುಪಾಸಿನ ಯಜಮಾನ್ರು. ಡಾಕ್ಟ್ರೇ ಡಾಕ್ಟ್ರೇ ಅಂತ ಮಾತಾಡಿಸಿದ್ರು, ಇನ್ನೂ ಲೈಸೆನ್ಸ್ ಬಂದಿರ್ಲಿಲ್ಲ, ಕೇಳೋಕೆ ಖುಷಿ ಆಯ್ತು, ಸುಳ್ಳು ಯಾಕೆ ಹೇಳ್ಲಿ. ಚೈನ್ ತೂಕಕ್ಕೆ ಹಾಕಿದೆ, ಐದೂವರೆ. ಟೇಪ್ ಹಿಡಿದೆ, ಸರಿ ಇತ್ತು. ಸುತ್ತು ಹಾಕಿಸಿದೆ, ಕುಂಟ್ಲಿಲ್ಲ. ಕೂತು ಎಡಗಾಲು ಎತ್ತಿ ಹೆಬ್ಬೆಟ್ಟಿನ ಮೆತ್ತನೆ ಭಾಗದಿಂದ ಪ್ಯಾಸ್ಟರ್ನಿನ ಹಿಂದೆ ಮುಂದೆ ಒತ್ತುತ್ತಾ ಬಂದೆ, ಕಾಲು ಕಲ್ಲಿನ ಥರ ಅಲ್ಲಾಡ್ಲಿಲ್ಲ. ಬಲಗಾಲೂ ಹಾಗೇ. ಪಾಸ್ ಅಂತ ಬರೆದು ಕಳಿಸ್ದೆ.

ಹತ್ತೇ ನಿಮಿಷ. ಅವತ್ತು ಸರ್ಕಾರಿ ವೆಟ್ ಒಬ್ಬರು ಹೇಳದೇ ಕೇಳದೇ ಬಂದಿದ್ರು, ಪಾಸಾದ ಕುದುರೆಗಳನ್ನ ಮತ್ತೆ ನೋಡ್ತಿದ್ರು. ಕರೀ ಕುದುರೆ ಹತ್ರ ಹೋಗಿ ಅವರು ಕಾಲು ಮುಟ್ಲೇ ಇಲ್ಲ, ಮೊದಲು ಯಜಮಾನ್ರ ಕೈ ನೋಡಿದ್ರು. ಸ್ವಲ್ಪ ಉದ್ದ ಬಿಡಿ ಅಂದ್ರು. ಲಗಾಮು ಸಡಿಲ ಆದ್ಮೇಲೆ ನಾನು ಒತ್ತಿದ್ದ ಅದೇ ಜಾಗ ಒತ್ತಿದ್ರು, ಕುದುರೆ ಕಾಲು ಕಿತ್ಕೊಳ್ತು. ಮತ್ತೆ ಒತ್ತಿದ್ರು, ಹೊಟ್ಟೆ ಬಿಗಿ ಹಿಡೀತು. ಮೂರನೇ ಸಲ ಕಿವಿ ಹಿಂದಕ್ಕೆ ಹೋಯ್ತು, ಮತ್ತೆ ಕಾಲು ಕಿತ್ಕೊಳ್ತು. ಕುದುರೆ ಔಟ್. ನಂಗೆ ನಮ್ಮ ಸಂಸ್ಥೆಯಿಂದ ವಾರ್ನಿಂಗ್ ಲೆಟರ್.

ನಾನು ಕೂತಿದ್ದಾಗ ಆ ಯಜಮಾನ್ರು ಲಗಾಮನ್ನ ಕುದುರೆ ಗದ್ದದ ಕೆಳಗೇ ಮುಷ್ಟಿ ಕಟ್ಟಿ ಹಿಡಿದಿದ್ರು. ನನ್ನ ತಲೆ ಮೇಲೇ ಇತ್ತು ಆ ಕೈ, ನಾನು ತಲೆ ಎತ್ತಿದ್ರೆ ತಾನೇ. ಈ ಕುದುರೆಗಳಿಗೆ ಹಾಕೋ ಕಡಿವಾಣಕ್ಕೆ ಎರಡೂ ಕಡೆ ಉದ್ದ ಕಂಬಿ ಇರತ್ತೆ, ಗದ್ದದ ಕೆಳಗೆ ಒಂದು ಸಣ್ಣ ಸರಪಳಿ. ಕಂಬಿ ಉದ್ದ ಇದ್ದಷ್ಟೂ ಅದು ಸನ್ನೆಕೋಲಿನ ಲೆಕ್ಕ, ಕೆಳಗಡೆ ಎರಡು ಬೆರಳಲ್ಲಿ ಎಳೆದ್ರೆ ದವಡೆಗೆ ಅದರ ಎಷ್ಟೋ ಪಾಲು ಬೀಳತ್ತೆ. ಬಾಯಲ್ಲಿ ಅಷ್ಟು ನೋವಿದ್ರೆ ಕಾಲಿನ ನೋವಿನ ಕಡೆ ಯಾವ ಪ್ರಾಣಿಗೆ ಗಮನ ಇರತ್ತೆ? ಇದು ಸಾಲದು ಅಂತ ಮನೇಲೇ ನಕಲಿ ಇನ್ಸ್ಪೆಕ್ಷನ್ ಮಾಡಿ, ಕಾಲು ಎಳ್ಕೊಂಡ್ರೆ ಹೊಡೆದು, ಅಲ್ಲಾಡದೆ ನಿಲ್ಲೋದು ಕಲಿಸೋರೂ ಇದ್ದಾರೆ, ಅದೆಲ್ಲ ನಂಗೆ ಆಮೇಲೆ ಗೊತ್ತಾಗಿದ್ದು.

ಅವತ್ತಿಂದ ಕೂರೋ ಮುಂಚೆ ಕೈ ನೋಡೋದು ಅಭ್ಯಾಸ ಆಯ್ತು. 18 ಇಂಚು ಅಂದ್ರೆ ಸರಿಯಾಗಿ ಒಂದು ಮೊಳ, ನಮ್ಮಜ್ಜಿ ಮಲ್ಲಿಗೆ ಹೂವು ಅಳೆದು ತಗೋತಿದ್ದ ಮೊಳ, ಮೊಣಕೈಯಿಂದ ನಡುಬೆರಳ ತುದಿ. ನನ್ನ ಮೊಳ ಹದಿನೇಳೇ ಇಂಚು ಬರತ್ತೆ, ಹೂವಾಡಗಿತ್ತಿ ಆಗಿದ್ರೆ ಜಗಳ ಆಗ್ತಿತ್ತೇನೋ, ಇಲ್ಲಿ ನಡೆಯತ್ತೆ. ಕಡಿವಾಣದ ಪಕ್ಕ ನನ್ನ ಕೈ ಚಾಚಿ, ಬೆರಳ ತುದಿ ಎಲ್ಲಿ ಬರತ್ತೋ ಅಲ್ಲಿ ಹಿಡೀರಿ ಅಂತೀನಿ. ಕೆಲವರು ಗೊಣಗ್ತಾರೆ. ಗೊಣಗೋರ ಕುದುರೆಗೆ ಎರಡು ನಿಮಿಷ ಜಾಸ್ತಿ ಕೊಡ್ತೀನಿ.

ಈ ಪ್ಯಾಡು ಚೈನುಗಳೇ ಬೇಡ ಅಂತ ಸರ್ಕಾರ 2024ರಲ್ಲಿ ಹೊಸ ರೂಲ್ ತಂತು, ಅದು ಜಾರಿಗೆ ಬರೋ ಮುಂಚೇನೇ, 2025ರ ಜನವರಿ 31ಕ್ಕೆ, ಟೆಕ್ಸಸ್ ಕೋರ್ಟು ಅದರ ಮುಖ್ಯ ಭಾಗಗಳನ್ನ ಹೊಡೆದು ಹಾಕ್ತು. ನನ್ನ ಕೇಳಿದ್ರೆ ಬೇಡವೇ ಬೇಡ, ಬರೀ ಸಾದಾ ಲಾಳ ಹಾಕಿದ ಕುದುರೆಗಳ ಕ್ಲಾಸಲ್ಲಿ ಆ ನಡಿಗೆ ಇನ್ನೂ ಚಂದ ಕಾಣ್ಸತ್ತೆ.

ಆ ಯಜಮಾನ್ರು ಎರಡು ತಿಂಗಳಾದ್ಮೇಲೆ ಬೇರೆ ಕುದುರೆ ತಗೊಂಡು ಮತ್ತೆ ನನ್ನ ಸಾಲಿಗೇ ಬಂದ್ರು. ನಾನು ಬಾಯಿ ಬಿಡೋ ಮುಂಚೇನೇ ಲಗಾಮು ಉದ್ದಕ್ಕೆ ಬಿಟ್ಟು ಕೈ ದೂರ ಹಿಡಿದು, ಸಾಕಾ ಡಾಕ್ಟ್ರೇ ಅಂದ್ರು. ಕಾಲು ಒತ್ತಿದೆ, ಏನೂ ಇರ್ಲಿಲ್ಲ, ಕುದುರೆ ನನ್ನ ಟೋಪಿ ಮೂಸ್ತಾ ನಿಂತಿತ್ತು. ಚೈನ್ ಮಾತ್ರ ಚರ್ಮದ ಪಟ್ಟಿ ಸೇರಿ ಆರೂಕಾಲು ಔನ್ಸ್ ಬಂತು, ವಾಪಸ್ ಕಳಿಸ್ದೆ.