ಅಡಿಕೆ ಸಸಿ ಹಳದಿಯಾದರೆ ಮೊದಲು ಕೆಳಗಿನ ಎಲೆ ನೋಡಿ

ತೀರ್ಥಹಳ್ಳಿ, ಸಾಗರದ ಕಡೆ ಆಷಾಢದ ಮಳೆ ಹಿಡಿಯಿತೆಂದರೆ ಮಣ್ಣಿನ ನೈಟ್ರೇಟ್, ಅಂದರೆ ಬೇರು ಹೀರುವ ರೂಪದ ಸಾರಜನಕ, ನೀರಿನ ಜೊತೆ ಇಳಿದುಹೋಗುತ್ತದೆ. ಸಾರಜನಕ ಸಾಲದ ಸಸಿ ಹಳೆಯ ಎಲೆಯಲ್ಲಿದ್ದದ್ದನ್ನು ತೆಗೆದು ಸುಳಿಗೆ ಕಳಿಸುತ್ತದೆ. ಹಾಗಾಗಿ ಕೆಳಗಿನ ಎಲೆ ತುದಿಯಿಂದ ಹಳದಿಯಾಗುತ್ತಾ ಬರುತ್ತದೆ, ಸುಳಿ ಹಸಿರಾಗಿಯೇ ಇರುತ್ತದೆ. ಸುಳಿಯೇ ಬಿಳಿಚಿದ್ದರೆ ಅದು ಬೇರೆ ಕೊರತೆ, ದಯವಿಟ್ಟು ಯೂರಿಯಾ ಸುರಿಯಬೇಡಿ.

ಪತ್ರಹರಿತ್ತಿನ ಒಂದೊಂದು ಅಣುವಿಗೂ 4 ಸಾರಜನಕ ಪರಮಾಣು ಬೇಕು. ಅದಕ್ಕಿಂತ ದೊಡ್ಡ ಪಾಲು ಗಾಳಿಯ ಇಂಗಾಲ ಹಿಡಿಯುವ ರುಬಿಸ್ಕೋ ಕಿಣ್ವಕ್ಕೆ ಹೋಗುತ್ತದೆ. ಆ ಕಿಣ್ವ ಕಡಿಮೆಯಾದರೆ ಬಿಸಿಲಿದ್ದರೂ ಸಸಿ ಸಕ್ಕರೆ ಕಟ್ಟಲಾರದು.

ಲೀಟರ್ ನೀರಿಗೆ 10 ಗ್ರಾಂ ಯೂರಿಯಾ ಕರಗಿಸಿ, ಮಳೆ ಬಿಟ್ಟ ಸಂಜೆ ಸಿಂಪಡಿಸಿ. ಬುಡಕ್ಕೆ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವೇ ಆಗಬೇಕು. ಹಸಿ ಮರದ ಹೊಟ್ಟು ಬೆರೆಸಿದರೆ, ಅದನ್ನು ಕೊಳೆಸುವ ಸೂಕ್ಷ್ಮಜೀವಿಗಳು ಇದ್ದ ಸಾರಜನಕವನ್ನೂ ಹೀರಿಕೊಳ್ಳುತ್ತವೆ.