ಪಿಕಾರ್ಡ್ ಸಾಹೇಬರ ಮೇಲೆ ಸಿಟ್ಟು

ರಾತ್ರಿ ಬಾಹ್ಯಾಕಾಶ ಕಥೆಯ ಟಿವಿ ಸರಣಿ 'ಸ್ಟಾರ್ ಟ್ರೆಕ್: ದ ನೆಕ್ಸ್ಟ್ ಜನರೇಷನ್'ನ 1994ರ 'ಹೋಮ್‌ವರ್ಡ್' ಎಪಿಸೋಡ್ ಮತ್ತೆ ನೋಡಿದೆ. ಗ್ರಹದ ವಾತಾವರಣವೇ ಕರಗಿಹೋಗ್ತಿದೆ, ಕೆಳಗೆ ಇಡೀ ಜನಾಂಗ ಸಾಯ್ತಿದೆ. ಮೇಲೆ ಬಾಹ್ಯಾಕಾಶ ಹಡಗಿನಲ್ಲಿ ಅದರ ಕ್ಯಾಪ್ಟನ್ ಪಿಕಾರ್ಡ್ ಸಾಹೇಬರು 'ಪ್ರೈಮ್ ಡೈರೆಕ್ಟಿವ್' ಅಂತ ಕೈಕಟ್ಟಿ ನಿಂತಿದ್ದಾರೆ.

ತಂತ್ರಜ್ಞಾನದಲ್ಲಿ ಹಿಂದಿರೋರ ಬದುಕಿಗೆ ಕೈ ಹಾಕಬಾರದು ಅನ್ನೋ ಆ ನಿಯಮ ಒಪ್ಪೋ ಮಾತೇ. ಉದ್ಧಾರ ಮಾಡ್ತೀವಿ ಅಂತ ಬಂದೋರು ಏನು ಮಾಡಿದ್ರು ಅಂತ ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದ್ರೆ ಜನರೇ ಉಳೀದೇ ಇದ್ರೆ ಅವರ ಸಂಸ್ಕೃತಿನ ಯಾರಿಗೋಸ್ಕರ ಕಾಪಾಡೋದು?

ಹಡಗಿನ ಅಧಿಕಾರಿ ವೋರ್ಫ್‌ನ ಸಾಕುಸೋದರ ನಿಕೋಲಾಯ್ ಆ ಗ್ರಹದ ಜನರನ್ನ ಗಮನಿಸೋಕೆ ಹೋದೋನು; ಅವನು ಕದ್ದುಮುಚ್ಚಿ ಒಂದು ಹಳ್ಳಿಯವರನ್ನೇ ಹಡಗಿನ ಹೋಲೋಡೆಕ್‌ಗೆ, ಅಂದ್ರೆ ಯಾವ ಜಾಗವನ್ನಾದ್ರೂ ನಿಜದಂತೆ ಕಾಣಿಸೋ ಕೋಣೆಗೆ, ಸಾಗಿಸ್ತಾನೆ. (ಅಲ್ಲಿನ ಹೆಣ್ಣೊಬ್ಬಳು ಅವನಿಂದಲೇ ಬಸುರಿ. ಎಂಥಾ ತಟಸ್ಥ ವೀಕ್ಷಕನಪ್ಪಾ!)

ಇದೇ ಸರಣಿಯ 1989ರ 'ಪೆನ್ ಪಾಲ್ಸ್' ಎಪಿಸೋಡಿನಲ್ಲಿ ರೇಡಿಯೋದಲ್ಲಿ ಒಂದು ಮಗುವಿನ ದನಿ ಕೇಳಿ ಇದೇ ಸಾಹೇಬರು ಕರಗಿ, ಆ ಗ್ರಹದೋರನ್ನ ಉಳಿಸೋಕೆ ಒಪ್ಪಿದ್ರು. ಅಂದ್ರೆ ರೇಡಿಯೋ ಇದ್ದೋರು ಮಾತ್ರ ಬದುಕಬಹುದಾ?